ಗಾಜಿನಲ್ಲಿ ಕಂಡ ಕಾಳು

ಹೋದ ತಿಂಗಳು ಶಿಡ್ಲಘಟ್ಟದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಪಕ್ಕದ ಓಣಿಯಲ್ಲಿ ಯಾರೋ ಹುಳುಮನೆ ತೊಳೆದು ಔಷಧಿ ಹೊಡೆಯುತ್ತಿದ್ದರು. ಕಣ್ಣು ಉರಿಯಿತು, ಮೂಗು ಕಟ್ಟಿತು. ಜೊತೆಗಿದ್ದ ಮೊಮ್ಮಗಳು "ಅಜ್ಜಿ, ಆ ಕಡೆ ಹೋಗಣ ಬಾ, ಕೆಟ್ಟ ವಾಸನೆ" ಎಂದು ಕೈ ಹಿಡಿದು ಎಳೆದಳು. ನಾನು ಕದಲಲಿಲ್ಲ. ರೇಷ್ಮೆಹುಳುವಿನ ರೋಗ ಕಳೆಯಲು ಹೊಡೆಯುವ ಆ ಔಷಧಿಯನ್ನು ನಾನು ಮೊದಲ ಸಲ ಮೂಸಿದ್ದು ಹೊಸ ಸೊಸೆಯಾಗಿದ್ದಾಗ. ಅದು ನನ್ನನ್ನು ಉಳಿಸಲು ಬಂದಿದೆ ಎಂದು ಆಗ ನಂಬಿದ್ದೆ. ಆಮೇಲೆ ಏನೇನೋ ಆಯಿತು, ನಾನೂ ಸಂಸಾರ ಮಾಡಿದೆ, ಮಕ್ಕಳಾದವು, ಗಂಡನ ಜೊತೆಗೇ ಬಾಳಿದೆ. ಆದರೂ ಆ ಒಂದು ಮಳೆಗಾಲ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಯಾ ಪೈಸೆ ಬಂದ ವರ್ಷ ಅದು. ಬೇಸಗೆಯಲ್ಲಿ ನನ್ನನ್ನು ಚಿಂತಾಮಣಿಯಿಂದ ಸಾದಲಿ ಕಡೆಯ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ನಾರಾಯಣಪ್ಪ ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ಮಾತೆಲ್ಲ ಅತ್ತೆಯದು. ಅತ್ತೆ ವೆಂಕಟಮ್ಮ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಹುಳು ಸಾಕಿಕೊಂಡೇ ಒಬ್ಬ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದವರು. ಊರಿನ ಶುಭಕಾರ್ಯಗಳಿಗೆ ವಿಧವೆಯರನ್ನು ಎದುರಿಗೆ ನಿಲ್ಲಿಸಿಕೊಳ್ಳದ ಕಾಲ. ಆದರೆ ಹೊಸ ಮರಿಗಳನ್ನು ತಟ್ಟೆಗೆ ಬಿಟ್ಟು ಹುಳು ಇಳಿಸುವ ಹೊತ್ತಿಗೆ ಮಾತ್ರ ಅದೇ ಊರು ನಮ್ಮ ಅತ್ತೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿತ್ತು. ಪ್ರತಿ ಬೆಳೆಯಲ್ಲೂ ಒಳ್ಳೊಳ್ಳೆಯ ಗೂಡುಗಳನ್ನು ಆರಿಸಿ ತೆಗೆದಿಟ್ಟು, ಚಿಟ್ಟೆ ಹೊರಬಂದ ಮೇಲೆ ಜೋಡಿ ಮಾಡಿ, ಕಾಗದದ ಮೇಲೆ ಮೊಟ್ಟೆ ಇಡಿಸಿ, ದೇವರ ಮುಂದಿಟ್ಟು ಕೇಳಿದವರ ಸೆರಗಿಗೆ ಹಾಕುತ್ತಿದ್ದರು. ಒಂದು ಕಾಸು ಮುಟ್ಟುತ್ತಿರಲಿಲ್ಲ. ಅವರ ಕೈಗುಣ ದೊಡ್ಡದು ಎಂದು ದಿಬ್ಬೂರಹಳ್ಳಿಯ ತನಕ ಹೆಸರಿತ್ತು. ನನಗೂ ಅವರನ್ನು ಕಂಡರೆ ಇಷ್ಟ. ಬೈಯುತ್ತಿದ್ದರು, ಆದರೆ ಬೈದ ಬಾಯಲ್ಲೇ "ಉಂಡ್ಯೇನೇ?" ಎಂದು ಕೇಳುತ್ತಿದ್ದರು.

ಮುಂಗಾರು ಶುರುವಾದ ಮೇಲೆ ಇಳಿಸಿದ ಬೆಳೆಯಲ್ಲಿ ಮೊದಲು ಏನೋ ಸರಿಯಿಲ್ಲ ಎನಿಸಿತು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎಲ್ಲವೂ ಒಟ್ಟಿಗೆ ಕೂತು ಒಟ್ಟಿಗೆ ಏಳಬೇಕು. ಆ ಸಲ ಕೆಲವು ಎದ್ದು ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದರೆ ಕೆಲವು ಇನ್ನೂ ಕೂತೇ ಇದ್ದವು, ಕೆಲವು ಮೊನ್ನೆ ಹುಟ್ಟಿದವುಗಳ ಹಾಗೆ ಸಣ್ಣಗೆ ಉಳಿದವು. ಆಮೇಲೆ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ ಬಂತು. ಒಳ್ಳೆಯ ಬೆಳೆಯಲ್ಲಿ ದೊಡ್ಡ ಹುಳುಗಳು ಸೊಪ್ಪು ತಿನ್ನುವ ಸಪ್ಪಳ ಜಗಲಿಯ ತನಕ ಕೇಳುತ್ತದೆ. ಆ ವಾರ ಒಂದು ಬೆಳಗ್ಗೆ ನಾನು ಸೊಪ್ಪಿನ ಪುಟ್ಟಿ ಹೊತ್ತುಕೊಂಡು ಒಳಗೆ ಹೋದೆ, ಒಳಗೆ ಸದ್ದೇ ಇರಲಿಲ್ಲ. ಬಿದಿರಿನ ತಟ್ಟೆಗಳ ತುಂಬ ಹುಳುಗಳಿದ್ದವು, ನಿನ್ನೆ ಹಾಕಿದ ಸೊಪ್ಪು ಹಾಗೇ ಬಾಡಿ ಬಿದ್ದಿತ್ತು. ಅಂಥ ಮೌನವನ್ನು ನಾನು ಹೆಣ ಮಲಗಿಸಿದ ಮನೆಯಲ್ಲೂ ಕಂಡಿಲ್ಲ.

ನಮ್ಮ ಮನೆಯೊಂದೇ ಅಲ್ಲ. ಅತ್ತೆಯ ಮೊಟ್ಟೆ ಒಯ್ದಿದ್ದ ಮನೆಗಳಲ್ಲೆಲ್ಲ ಹೀಗೇ ಆಯಿತು. ಜನ ಸತ್ತ ಹುಳುಗಳನ್ನು ಪುಟ್ಟಿಗಟ್ಟಲೆ ತಿಪ್ಪೆಗೆ ಸುರಿದರು. ಮಳೆ ನಿಲ್ಲಲಿಲ್ಲ, ತಿಪ್ಪೆ ನಾರತೊಡಗಿತು, ನಾಯಿಗಳೂ ಆ ಕಡೆ ಹೋಗಲಿಲ್ಲ. ಶಿಡ್ಲಘಟ್ಟದಿಂದ ಮೊಟ್ಟೆ ತಂದಿದ್ದ ಒಂದೇ ಒಂದು ಮನೆಯಲ್ಲಿ ಗೂಡು ಚೆನ್ನಾಗಿ ಬಂತು. ಅದಕ್ಕೂ ಊರು ಕಾರಣ ಹುಡುಕಿತು. ಅವರ ಬಾಗಿಲು ಪೂರ್ವಕ್ಕಿದೆ, ಅವರು ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತಿದ್ದರು, ಹೀಗೆ. ಎಲ್ಲ ಕಾರಣಗಳೂ ಮುಗಿದ ಮೇಲೆ ಊರಿನ ಕಣ್ಣು ನನ್ನ ಮೇಲೆ ಬಿತ್ತು. ವೆಂಕಟಮ್ಮನ ಮನೆಯಲ್ಲಿ ಈ ವರ್ಷ ಹೊಸದಾಗಿ ಬಂದದ್ದು ಏನು? ಸೊಸೆ.

ನೀರಿಗೆ ಹೋದಾಗ ಬಾವಿಕಟ್ಟೆಯ ಮೇಲಿದ್ದ ಹೆಂಗಸರು ಕೊಡ ಎತ್ತಿಕೊಂಡು ಜಾಗ ಬಿಡುತ್ತಿದ್ದರು. ಮೊದಮೊದಲು ಹೊಸಬಳೆಂದು ಗೌರವ ಕೊಡುತ್ತಿದ್ದಾರೆ ಎಂದುಕೊಂಡೆ, ಅಷ್ಟು ದಡ್ಡಿ ನಾನು! ಕಾಲ್ಗುಣ ಸರಿಯಿಲ್ಲ, ಹೊರಗಾಗಿದ್ದಾಗ ಹುಳುಮನೆ ಹೊಕ್ಕಿದ್ದಾಳೆ ಎಂದು ಮಾತು ಹಬ್ಬಿತ್ತು. ಆ ದಿನಗಳಲ್ಲಿ ನಾನು ಹೊಕ್ಕಿರಲಿಲ್ಲ. ಆದರೆ ಹೊಕ್ಕಿಲ್ಲವೆಂದು ಯಾರಿಗೆ ಹೇಗೆ ತೋರಿಸಿಕೊಡುವುದು? ಪಕ್ಕದ ಮನೆಯ ಮುನಿಶಾಮಣ್ಣ, ಅತ್ತೆಯನ್ನು ಅಕ್ಕ ಎಂದೇ ಕರೆಯುತ್ತಿದ್ದ ಹಿರಿಯ, ನನ್ನ ಎದುರಿಗೇ ಹೇಳಿದರು: "ವೆಂಕಟಕ್ಕಾ, ಹುಡುಗಿ ಒಳ್ಳೇವಳೇ. ಆದ್ರೆ ಬೆಳೆ ಮುಖ್ಯ ನೋಡು. ಒಂದೆರಡು ಬೆಳೆ ತವರಲ್ಲಿರ್ಲಿ. ಇಲ್ಲಿ ಸರಿ ಹೋದ್ರೆ ಆಗ ನೋಡಣ." ನಾನಿಲ್ಲದೆ ಬೆಳೆ ಸರಿ ಹೋದರೆ ತಪ್ಪು ನನ್ನ ಕಾಲಿನದೇ ಎಂದಾಗಿ ನಾನು ಎಂದಿಗೂ ಬರುವ ಹಾಗಿಲ್ಲ, ಅದು ನನಗೆ ಅರ್ಥವಾಗಿತ್ತು. ಅತ್ತೆ ಎದ್ದು ಒಳಗೆ ಹೋದರು. ಗಂಡ ನೆಲ ನೋಡುತ್ತಿದ್ದ.

ಆ ಹೊತ್ತಿಗೆ ಬಂದವರು ಹುಳದ ಮೇಷ್ಟ್ರು. ರೇಷ್ಮೆ ಇಲಾಖೆಯ ಎಳೆಯ ನೌಕರ. ಹಳ್ಳಿ ಹಳ್ಳಿ ಸುತ್ತಿ ಹುಳು ಸಾಕುವುದನ್ನು ಹೇಳಿಕೊಡುತ್ತಿದ್ದುದರಿಂದ ಜನ ಮೇಷ್ಟ್ರು ಅನ್ನುತ್ತಿದ್ದರು. ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ, ಅದರೊಳಗೆ ಸೂಕ್ಷ್ಮದರ್ಶಕ. ನಮ್ಮ ಜಗಲಿಯ ಮೇಲೆ ಅದನ್ನಿಟ್ಟು, ಅತ್ತೆ ಬಿತ್ತನೆಗೆಂದು ಉಳಿಸಿಕೊಂಡಿದ್ದ ಗೂಡುಗಳಿಂದ ಹೊರಬಂದ ಒಂದು ಹೆಣ್ಣುಚಿಟ್ಟೆಯನ್ನು ಸಣ್ಣ ಕಲ್ಲಿನಲ್ಲಿ ಅರೆದು, ಒಂದು ತೊಟ್ಟನ್ನು ಗಾಜಿಗೆ ಸವರಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪಾಪ, ಮಾತಿನ ನಾಜೂಕು ತಿಳಿಯದ ಹುಡುಗ, ಇಡೀ ಊರಿನ ಎದುರಿಗೆ ಹೇಳಿಬಿಟ್ಟರು.

"ಅಮ್ಮಾವ್ರೇ, ಇದು ಗಂಟುರೋಗ. ತಾಯಿ ಹೊಟ್ಟೆಯಿಂದ್ಲೇ ಮರಿಗೆ ಬರುತ್ತೆ. ನಿಮ್ಮ ಮೊಟ್ಟೇಲೇ ಇದೆ. ಎಲ್ಲಾನೂ ಸುಟ್ಬಿಡಿ."

ಅತ್ತೆಯ ಮುಖ ಕಪ್ಪಿಟ್ಟಿತು. "ಏನಪ್ಪಾ ಅಂದೆ? ನನ್ನ ಮೊಟ್ಟೇಲಾ? ಈ ಚಿಟ್ಟೆ ನೋಡು, ರೆಕ್ಕೆ ಎಷ್ಟು ಚೆನ್ನಾಗಿದೆ. ಇದಕ್ಕೆ ರೋಗ ಅಂತೀಯಾ?"

"ಚಿಟ್ಟೆ ಚೆನ್ನಾಗೇ ಕಾಣುತ್ತೆ ಅಮ್ಮಾ. ಹೊಟ್ಟೆ ಒಳಗೆ ಇರೋದು ಕಣ್ಣಿಗೆ ಕಾಣಲ್ಲ. ಬನ್ನಿ, ನೀವೇ ನೋಡಿ."

ಅತ್ತೆ ನೋಡಲಿಲ್ಲ. ಮುನಿಶಾಮಣ್ಣ ಬಗ್ಗಿ ನೋಡಿದರು, ಎದ್ದು ಕಣ್ಣುಜ್ಜಿಕೊಂಡರು, ಮತ್ತೆ ನೋಡಿದರು. "ಏನೋ ಕಾಳುಗಳು ಹೊಳೀತವೆ, ನಿಜ. ಆದ್ರೆ ಮೇಷ್ಟ್ರೇ, ಬರೀ ಕಣ್ಣಲ್ಲಿ ನೋಡಿದ್ರೆ ಇಲ್ಲ, ನಿಮ್ಮ ಗಾಜಲ್ಲಿ ನೋಡಿದ್ರೆ ಇದೆ. ಹಂಗಾದ್ರೆ ಅದು ಚಿಟ್ಟೇಲಿದೆಯೋ ಗಾಜಲ್ಲಿದೆಯೋ?" ಜನ ಹೋ ಎಂದು ನಕ್ಕರು. ಯಾರೋ ಹಿಂದಿನಿಂದ, "ಅಕ್ಕಿ ಅರೆದ್ರೂ ಕಾಳು ಕಾಣುತ್ತೆ ಬಿಡಣ್ಣಾ" ಎಂದ. ಇನ್ನೊಬ್ಬ, "ಅದು ಗಂಟೋ ಗಂಟಲೋ, ಸರ್ಕಾರದ ಮೊಟ್ಟೆ ಮಾರೋಕೆ ಹೂಡಿದ ಆಟ" ಎಂದ. ಮೇಷ್ಟ್ರು ಕೆಂಪಗಾಗಿ, ಶುದ್ಧ ನೀರಿನ ತೊಟ್ಟನ್ನೂ ಗಾಜಿಗೆ ಹಾಕಿ ತೋರಿಸಿದರು. ಅದರಲ್ಲಿ ಕಾಳಿರಲಿಲ್ಲ. ನೀರಿನಲ್ಲಿ ಯಾಕೆ ಇರುತ್ತದೆ ಎಂದು ಜನ ಅದಕ್ಕೂ ನಕ್ಕರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಸೊಸೆಯಾದವಳು ಮುಂದೆ ಬರಬಾರದು ಎಂಬುದೆಲ್ಲ ಮರೆತು ಹೋಗಿ ಗಾಜಿಗೆ ಕಣ್ಣಿಟ್ಟೆ. ಬಿಳಿಯ ಬೆಳಕಿನಲ್ಲಿ ಉದ್ದುದ್ದಕ್ಕೆ, ನುಣ್ಣಗೆ, ಹೊಳೆಯುವ ಕಾಳುಗಳು, ಲೆಕ್ಕವಿಲ್ಲದಷ್ಟು. ಅವುಗಳನ್ನು ನೋಡಿ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಹುಳ ಸತ್ತದ್ದು ನನ್ನಿಂದಲ್ಲ! ನಾನು ಹೊಸಿಲು ದಾಟುವ ಮೊದಲೇ ಅದು ಚಿಟ್ಟೆಯ ಹೊಟ್ಟೆಯಲ್ಲಿತ್ತು. ತಲೆ ಎತ್ತಿದಾಗ ಅತ್ತೆ ನನ್ನನ್ನೇ ನೋಡುತ್ತಿದ್ದರು. ಆಗ ನನಗೆ ಇನ್ನೊಂದು ತಿಳಿಯಿತು. ಕಾಳು ನಿಜವಾದರೆ ನಾನು ಉಳಿಯುತ್ತೇನೆ, ಅತ್ತೆ ಮುಳುಗುತ್ತಾರೆ. ಊರಿಗೆಲ್ಲ ರೋಗ ಹಂಚಿದ ಕೈ ಅವರದು ಎಂದಾಗುತ್ತದೆ.

ಪರೀಕ್ಷೆಗೆ ಹಚ್ಚೋಣ ಎಂಬ ಮಾತು ಮೇಷ್ಟ್ರದು. ಅವರು ಪರೀಕ್ಷೆ ಮಾಡಿದ ಮೊಟ್ಟೆ ತಂದುಕೊಡುವುದು, ಅತ್ತೆಯ ಮೊಟ್ಟೆಯನ್ನೂ ಅದೇ ದಿನ ಇಳಿಸುವುದು, ಎರಡನ್ನೂ ಒಂದೇ ಮನೆಯ ಎರಡು ಕೋಣೆಗಳಲ್ಲಿ ಸಾಕುವುದು. ಮುನಿಶಾಮಣ್ಣ ಅದಕ್ಕೆ ಒಂದು ಸೇರಿಸಿದರು: ಎರಡನ್ನೂ ಸೊಸೆಯೇ ಸಾಕಬೇಕು. "ಮೇಷ್ಟ್ರದ್ದು ಬಂದು ಅಕ್ಕನದ್ದು ಹೋದ್ರೆ ಗಾಜು ನಿಜ. ಎರಡೂ ಹೋದ್ರೆ ಕಾಲ್ಗುಣ ನಿಜ. ಆಗ ಹುಡುಗಿ ಚಿಂತಾಮಣಿಗೆ." ನ್ಯಾಯವಾಗಿಯೇ ಇತ್ತು. ಗೆಲ್ಲುತ್ತೇನೆಂಬ ಧೈರ್ಯದಲ್ಲಿ ನಾನೂ ತಲೆಯಾಡಿಸಿದೆ. ಅತ್ತೆ ಒಪ್ಪುವುದಿಲ್ಲ ಎಂದುಕೊಂಡಿದ್ದೆ, ಆದರೆ ಅವರೂ "ಆಗ್ಲಿ" ಎಂದರು.

ಕೋಣೆಗಳನ್ನು ತೊಳೆದು ಔಷಧಿ ಹೊಡೆದೆವು. ಕಣ್ಣೀರು ಸುರಿಸಿಕೊಂಡೇ ಗೋಡೆಯ ಬಿರುಕುಗಳನ್ನು ಮೆತ್ತಿದೆ. ಮೇಷ್ಟ್ರ ಕಟ್ಟುನಿಟ್ಟು ಬಹಳ. ಸೊಪ್ಪು ಹೆಚ್ಚುವ ಕತ್ತಿ ಬೇರೆ ಬೇರೆ, ಆ ಕೋಣೆಯಿಂದ ಈ ಕೋಣೆಗೆ ಕೈ ತೊಳೆಯದೆ ಬರುವ ಹಾಗಿಲ್ಲ, ಒಂದರ ಕಸ ಇನ್ನೊಂದರ ಹತ್ತಿರ ಸುಳಿಯಬಾರದು. ಒಂದು ವಿಷಯದಲ್ಲಿ ಮಾತ್ರ ಅತ್ತೆ ಮನೆಯ ಪದ್ಧತಿ ಬಿಡಲಿಲ್ಲ. ಮರಿ ಮೊಳೆಯುವ ದಿನಗಳಲ್ಲಿ ಹೊಸ ಸೊಸೆ ಹುಳುಮನೆಗೆ ಬರುವಂತಿಲ್ಲ. ಮೊದಲ ಜ್ವರ ಏಳುವ ತನಕ ಅತ್ತೆಯೇ ನೋಡಿಕೊಂಡರು, ಆಮೇಲೆ ಎರಡೂ ಕೋಣೆ ನನ್ನ ಕೈಗೆ ಬಂತು.

ಮಳೆ ಜಿನುಗುತ್ತಲೇ ಇತ್ತು. ಒದ್ದೆ ಸೊಪ್ಪು ಹಾಕಿದರೆ ಹುಳ ಕೆಡುತ್ತದೆಂದು ಒಂದೊಂದು ಎಲೆಯನ್ನೂ ಬಟ್ಟೆಯಲ್ಲಿ ಒರೆಸಿ ಹಾಕಿದೆ. ಗಂಡ ತೋಟದಿಂದ ಗೋಣಿಚೀಲ ಹೊದ್ದುಕೊಂಡು ಸೊಪ್ಪು ತರುತ್ತಿದ್ದ, ಬಾಗಿಲಲ್ಲಿ ನಿಂತು "ಹೆಂಗಿದೆ?" ಎಂದು ಕಣ್ಣಲ್ಲೇ ಕೇಳುತ್ತಿದ್ದ. ಅತ್ತೆಯ ಕೋಣೆಯ ಹುಳುಗಳು ಎರಡನೇ ಜ್ವರಕ್ಕೇ ಏರುಪೇರಾದವು. ಮೇಷ್ಟ್ರ ಕೋಣೆಯವು ಒಂದೇ ಅಳತೆಯಲ್ಲಿ ಬೆಳೆಯುತ್ತಿದ್ದವು, ಸೊಪ್ಪು ಹಾಕಿ ತಿರುಗುವುದರೊಳಗೆ ಮುಗಿಸುತ್ತಿದ್ದವು. ಊರಿನವರು ಬಂದು ಇಣುಕಿ ಹೋಗುತ್ತಿದ್ದರು. ಬಾವಿಕಟ್ಟೆಯಲ್ಲಿ ಒಬ್ಬಾಕೆ ಮೊದಲ ಸಲ ನನ್ನ ಕೊಡಕ್ಕೆ ಕೈ ಕೊಟ್ಟಳು. ಮೂರನೇ ಜ್ವರ ಎದ್ದಾಗ ಅತ್ತೆಯೇ ಮೇಷ್ಟ್ರ ತಟ್ಟೆಯ ಮುಂದೆ ನಿಂತು, "ಚೆನ್ನಾಗಿ ಬರ್ತಿವೆ ಕಣೇ" ಎಂದರು. ಅವರ ದನಿಯಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಹೆಮ್ಮೆಯೇ ಇತ್ತು. ನನಗೆ ಅದು ವಿಚಿತ್ರವೆನಿಸಿದರೂ ಖುಷಿಯಲ್ಲಿ ಯೋಚಿಸಲಿಲ್ಲ.

ನಾಲ್ಕನೇ ಜ್ವರ ಎದ್ದ ಮೇಲೆ ಒಂದು ಬೆಳಗ್ಗೆ ಮೇಷ್ಟ್ರ ತಟ್ಟೆಯಲ್ಲಿ ಒಂದು ಹುಳದ ಮೈಮೇಲೆ ಚುಕ್ಕೆ ಕಂಡೆ. ಎತ್ತಿ ಸುಟ್ಟೆ. ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ತಟ್ಟೆಯ ಆ ಮೂಲೆ ಪೂರ್ತಿ ಚುಕ್ಕೆ. ಅದರ ಮರುದಿನ ಪಕ್ಕದ ತಟ್ಟೆ. ಹಣ್ಣಾಗಿ ನೂಲು ಬಿಡಬೇಕಾದ ಹುಳುಗಳು ಸೊಪ್ಪಿನ ಮೇಲೆ ತಲೆಯಿಟ್ಟು ಸುಮ್ಮನೆ ಮಲಗಿದವು. ನಾನು ಕೈ ತೊಳೆದೆ, ತೊಳೆದೆ, ಚರ್ಮ ಬಿರಿಯುವಷ್ಟು ತೊಳೆದೆ. ಹುಳುಮನೆಯ ಸಪ್ಪಳ ದಿನದಿಂದ ದಿನಕ್ಕೆ ಇಳಿಯುತ್ತ ಬಂದು ಒಂದು ದಿನ ನಿಂತೇಹೋಯಿತು. ಆಗ ನನಗೇ ನನ್ನ ಕಾಲ ಮೇಲೆ ಅನುಮಾನ ಬಂತು. ಗಾಜಿನಲ್ಲಿ ಕಣ್ಣಾರೆ ಕಂಡವಳು ನಾನು, ಆದರೂ ಕೂತು ನನ್ನ ಪಾದ ನೋಡಿಕೊಂಡೆ.

ಊರೆಲ್ಲ ಬಂದು ಎರಡೂ ಕೋಣೆ ನೋಡಿತು. ಮೇಷ್ಟ್ರು ತಟ್ಟೆಯಿಂದ ತಟ್ಟೆಗೆ ಓಡಾಡಿ, "ಹಿಂಗಾಗೋದಿಲ್ಲ, ಆಗೋಕೇ ಸಾಧ್ಯವಿಲ್ಲ, ಎಲ್ಲೋ ಸೇರಿದೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮುನಿಶಾಮಣ್ಣ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು, "ನೀವು ಓದಿರೋರು, ನಿಮ್ಮ ತಪ್ಪಲ್ಲ. ಪುಸ್ತಕದಲ್ಲಿ ಹಂಗೇ ಬರ್ದಿರ್ತಾರೆ. ಹೊತ್ತಾಯ್ತು, ಹೊರಡಿ" ಎಂದರು. ಮೇಷ್ಟ್ರು ಪೆಟ್ಟಿಗೆ ಕಟ್ಟಿಕೊಂಡು ಹೋದರು. ಮತ್ತೆ ನಮ್ಮೂರಿಗೆ ಬರಲಿಲ್ಲ. ಅಂದಿನಿಂದ ಸುತ್ತಲ ಹಳ್ಳಿಗಳಲ್ಲಿ ಯಾರಾದರೂ ಗಂಟುರೋಗದ ಮಾತೆತ್ತಿದರೆ, ವೆಂಕಟಮ್ಮನ ಮನೆಯಲ್ಲಿ ಪರೀಕ್ಷೆ ಮಾಡಿ ಸುಳ್ಳೆಂದು ತೀರ್ಮಾನವಾಗಿದೆ ಎಂದು ಬಾಯಿ ಮುಚ್ಚಿಸುತ್ತಿದ್ದರಂತೆ.

ಎರಡು ದಿನ ಬಿಟ್ಟು ಅತ್ತೆಯೂ ನಾನೂ ಕೆರೆಯಲ್ಲಿ ತಟ್ಟೆ ತೊಳೆಯುತ್ತಿದ್ದೆವು. ಅತ್ತೆ ಇದ್ದಕ್ಕಿದ್ದಂತೆ ತಟ್ಟೆ ಬಿಟ್ಟು ಅಳತೊಡಗಿದರು.

"ನಿನಗೋಸ್ಕರ ಎಷ್ಟು ಮಾಡ್ದೆ ಕಣೇ. ನೀನೇ ಗೆಲ್ಲಲಿ, ನನ್ನ ಹೆಸ್ರು ಹೋದ್ರೆ ಹೋಗ್ಲಿ ಅಂತ. ಆದ್ರೂ ಉಳೀಲಿಲ್ಲವಲ್ಲೇ."

"ಏನು ಮಾಡಿದ್ರಿ ಅತ್ತೆ?"

"ಮರಿ ಇದ್ದಾಗ ಆ ಮೇಷ್ಟ್ರ ತಟ್ಟೆಗೆ ನಮ್ಮ ಕುಲದ ಹುಳ ಹಾಕಿದ್ದೆ. ಹೊರಗಿಂದ ಬಂದ ಹುಳ ಈ ಮನೇಗೆ ಒಗ್ಗಬೇಕಲ್ಲಾ. ನಮ್ಮತ್ತೆ ಕಾಲದಿಂದ್ಲೂ ಯಾವ ಹೊಸ ಬಿತ್ತನೆ ಬಂದ್ರೂ ಒಂದು ಚಿಟಿಕೆ ನಮ್ಮದು ಸೇರಿಸ್ತೀವಿ, ಹಾಲಿಗೆ ಹೆಪ್ಪು ಹಾಕ್ದಂಗೆ. ಎಲ್ಲಕ್ಕಿಂತ ಚೆನ್ನಾಗಿರೋವನ್ನೇ ಆರಿಸಿ ಹಾಕ್ದೆ ಕಣೇ ಸಾವಿತ್ರಿ."

ಕೈಯಲ್ಲಿದ್ದ ತಟ್ಟೆಯನ್ನು ಕಲ್ಲಿನ ಮೇಲಿಟ್ಟೆ. ಬಿಡಿಸಿ ಹೇಳಿದೆ. ಆ ಚಿಟಿಕೆಯಿಂದಲೇ ರೋಗ ಹೋಯಿತು, ಆ ಹುಳಗಳ ಹಿಕ್ಕೆ ಬಿದ್ದ ಸೊಪ್ಪು ತಿಂದು ಉಳಿದವಕ್ಕೂ ಹತ್ತಿತು ಎಂದೆ. ಅತ್ತೆ ಅಳು ನಿಲ್ಲಿಸಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಕನಿಕರದಿಂದ. "ಕುಲದ ಹುಳ ಎಲ್ಲಾದ್ರೂ ಕೊಲ್ಲುತ್ತೇನೇ ಅಮ್ಮಯ್ಯಾ? ಆ ಮೇಷ್ಟ್ರು ನಿನ್ನ ತಲೆ ಕೆಡಿಸ್ಬಿಟ್ಟ" ಎಂದು ನನ್ನ ತಲೆ ಸವರಿದರು. ಅಂಥ ಪ್ರೀತಿಯ ಕೈಯನ್ನು ತಳ್ಳುವುದಾದರೂ ಹೇಗೆ?

ಗಂಡನಿಗೆ ಹೇಳಿದೆ. ಅವನು ಪೂರ್ತಿ ಕೇಳಿದ. ನಂಬಿದ ಎಂದೂ ನನಗೆ ಗೊತ್ತು, ಏಕೆಂದರೆ ಅವನ ಮುಖ ಇಳಿದುಹೋಯಿತು. "ಇದನ್ನ ಊರಿನ ಮುಂದೆ ಹೇಳಿದ್ರೆ ನೀನು ಉಳೀತೀಯ" ಎಂದ. "ಎಲ್ಲರ ಬೆಳೆನೂ ಕೊಂದೋಳು ಅಮ್ಮ ಅಂತಾಗುತ್ತೆ. ಅವಳಿಗೆ ಇರೋದು ಅದೊಂದೇ ಹೆಸ್ರು. ಸ್ವಲ್ಪ ದಿನ ಹೋಗ್ಬಾ. ನಾನೇ ಬಂದು ಕರ್ಕೊಂಡು ಬರ್ತೀನಿ." ನನಗೆ ಅವನ ಮೇಲೆ ಬಂದ ಸಿಟ್ಟು ಇಷ್ಟು ವರ್ಷವಾದರೂ ಪೂರ್ತಿ ಆರಿಲ್ಲ. ಆದರೆ ಆ ದಿನ ಅವನ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬುದೂ ನನಗೆ ತಿಳಿಯದು.

ಮಹಾನವಮಿ ಕಳೆಯಲಿ ಎಂದು ನಿಲ್ಲಿಸಿಕೊಂಡು ಆಮೇಲೆ ಕಳಿಸಿದರು. ಹೊರಡುವ ದಿನ ಅತ್ತೆ ನೆರೆಮನೆಯ ಮುತ್ತೈದೆಯನ್ನು ಕರೆಸಿ ನನಗೆ ಮಡಿಲು ತುಂಬಿಸಿದರು. ಬಸ್ಸಿನ ತನಕ ತಾವೇ ಬಂದರು. ಕೊನೆಗೆ ಸೆರಗಿನಿಂದ ಒಂದು ಕಾಗದದ ಮಡಿಕೆ ತೆಗೆದು ನನ್ನ ಮಡಿಲಿನ ಅಕ್ಕಿಯ ಮೇಲಿಟ್ಟರು. ಆ ಹಾಳಾದ ಬೆಳೆಯಲ್ಲಿ ಉಳಿದಿದ್ದ ಒಂದಿಷ್ಟು ಗೂಡುಗಳಿಂದ ಇಡಿಸಿದ ಮೊಟ್ಟೆ. "ನಿಮ್ಮಪ್ಪ ಹೊಸದಾಗಿ ಸೊಪ್ಪಿನ ತೋಟ ಹಾಕಿದಾರಂತಲ್ಲ. ನಮ್ಮ ಕುಲ ಅಲ್ಲೂ ಬೆಳೀಲಿ. ಹುಷಾರಾಗಿ ಒಯ್ಯಿ, ಬಿಸಿಲು ತಾಗ್ಸಬೇಡ." ಸುತ್ತ ಊರಿನ ಹೆಂಗಸರಿದ್ದರು. ಅವರಲ್ಲಿ ಹಲವರ ಸೆರಗಿನಲ್ಲೂ ಅಂಥದೇ ಮಡಿಕೆಗಳಿದ್ದವು. ಬರುವ ಬೆಳೆಗೆಂದು ಅತ್ತೆ ಬೆಳಗ್ಗೆಯೇ ಹಂಚಿದ್ದರು. ಬಸ್ಸು ಹೊರಟಾಗ ಅವರೆಲ್ಲ ನಗುನಗುತ್ತ ಮನೆಗೆ ಹೊರಟರು.

ಚಿಂತಾಮಣಿಯಲ್ಲಿ ಅಪ್ಪ ಕಚೇರಿ ಗುಮಾಸ್ತರು. ಹೆಣ್ಣುಮಕ್ಕಳಿಗೆ ಓದು ಬೇಡ ಎಂದವರ ಬಾಯಿ ಮುಚ್ಚಿಸಿ ನನ್ನನ್ನು ಮಿಡ್ಲ್ ಸ್ಕೂಲಿಗೆ ಕಳಿಸಿದವರು. ಗ್ರಹಣವೆಂದರೆ ನೆರಳು, ಅಷ್ಟೇ ಎಂದು ದೀಪ, ನಿಂಬೆಹಣ್ಣು ಇಟ್ಟುಕೊಂಡು ತೋರಿಸಿಕೊಟ್ಟವರು. ಅವರಿಗೆ ಹೇಳಿದರೆ ಅರ್ಥವಾಗುತ್ತದೆ ಎಂಬ ಒಂದೇ ಧೈರ್ಯದಲ್ಲಿ ಮನೆ ಸೇರಿದೆ. ಮಡಿಕೆ ಬಿಚ್ಚಿದರೆ ದಾರಿಯಲ್ಲೇ ಮೊಳೆತು ಕಪ್ಪು ಮರಿಗಳು ಕಾಗದದ ತುಂಬ ಹರಿದಾಡುತ್ತಿದ್ದವು. ಅಪ್ಪನ ಮುಖ ಅರಳಿತು. "ಆಹಾ, ಏನು ಚೆನ್ನಾಗಿ ಮೊಳೆತಿವೆ! ಇರು, ಎಳೇ ಸೊಪ್ಪು ತರ್ತೀನಿ" ಎಂದು ಕುಡುಗೋಲು ಹಿಡಿದು ತೋಟಕ್ಕೆ ಹೋದರು.

ಅವರು ಬರುವುದರೊಳಗೆ ನಾನು ಆ ಕಾಗದವನ್ನು ಬಚ್ಚಲ ಒಲೆಗೆ ಹಾಕಿದೆ. ಪಕ್ಕದ ತೋಟಗಳ ಹುಳುಮನೆಗಳಾದರೂ ಉಳಿಯಲಿ ಎಂದು ಹಾಕಿದೆ. ಅಪ್ಪ ಸೊಪ್ಪು ಹಿಡಿದು ಬಾಗಿಲಲ್ಲಿ ನಿಂತರು. ನಾನು ಎಲ್ಲವನ್ನೂ ಹೇಳಿದೆ, ಗಾಜು, ಕಾಳು, ತಾಯಿಚಿಟ್ಟೆ, ಅತ್ತೆಯ ಚಿಟಿಕೆ, ಒಂದೂ ಬಿಡದೆ. ಅವರು ಒಮ್ಮೆ ಒಲೆಯನ್ನೂ ಒಮ್ಮೆ ನನ್ನ ಕೈಯನ್ನೂ ನೋಡಿದರು. ಆಮೇಲೆ ಹತ್ತಿರ ಬಂದು, ಅಮ್ಮನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಕೇಳಿದರು:

"ನಿಜ ಹೇಳಮ್ಮ ಸಾವಿತ್ರಿ. ಅಲ್ಲೂ ಹುಳ ಸಾಯಿಸ್ತಿದ್ದಿದ್ದು ನೀನೇನಾ?"